ಕಾರ್ಪೊರೇಟರ್ ನಾವು ಆರಿಸಿದವರು, ಮೇಯರ್ ಯಾರು ಆರಿಸಿದವರು?

ನಮಸ್ಕಾರ. ಇವತ್ತು ಪೀಠಿಕೆ ಇಲ್ಲದೆ ಒಂದು ಲೆಕ್ಕಕ್ಕೆ ಬರುತ್ತೇನೆ.

ಒಂದು ನಗರಕ್ಕೆ 55 ವಾರ್ಡು. 55 ಜನ ಗೆದ್ದು ಬಂದಿದ್ದಾರೆ. ಎಲ್ಲರೂ ಸೇರಿ ಮೇಯರ್ ಆರಿಸಬೇಕು. ಎಲ್ಲರೂ ಕೈ ಎತ್ತಿದರೆ ಎಷ್ಟು ಮತ? 55, ಅಲ್ವಾ? ಕಲಬುರಗಿಯಲ್ಲಿ 65 ಬಿದ್ದವು.

ಗಾಬರಿ ಬೇಡ, ಕಳ್ಳಮತದ ಕಥೆ ಹೇಳುತ್ತಿಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ನಡೆದದ್ದು. ನನ್ನ ತಕರಾರು ಆ ಕಾನೂನಿನ ಮೇಲೆಯೇ.

ನಡೆದದ್ದು ಹೀಗೆ. 2021ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಮಹಾನಗರ ಪಾಲಿಕೆಗೆ ಚುನಾವಣೆ ಆಯಿತು. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಬಹುಮತಕ್ಕೆ 28 ಬೇಕು. ಕಾಂಗ್ರೆಸ್‌ಗೆ ಒಂದೇ ಒಂದು ಕಡಿಮೆ. ಮೇಯರ್ ಯಾರು ಎಂದು ಊರು ಕಾಯಿತು. ಒಂದು ವಾರವಲ್ಲ, ಒಂದು ತಿಂಗಳಲ್ಲ, ಒಂದೂವರೆ ವರ್ಷ ಕಾಯಿತು. 2023ರ ಮಾರ್ಚ್‌ನಲ್ಲಿ ಕೊನೆಗೂ ಮೇಯರ್ ಚುನಾವಣೆ ನಡೆದಾಗ ಗೆದ್ದವರು ಬಿಜೆಪಿಯ ವಿಶಾಲ ದರ್ಗಿ. ಅವರಿಗೆ 33 ಮತ, ಕಾಂಗ್ರೆಸ್ ಅಭ್ಯರ್ಥಿಗೆ 32. ಅಂತರ ಒಂದೇ ಮತ.

23 ವಾರ್ಡು ಗೆದ್ದ ಪಕ್ಷಕ್ಕೆ 33 ಮತ ಎಲ್ಲಿಂದ ಬಂತು? ಹೆಚ್ಚಿನ 10 ಮತದಲ್ಲಿ ಬಹುಪಾಲು ಶಾಸಕರು, ಸಂಸದರು, ವಿಧಾನ ಪರಿಷತ್ ಸದಸ್ಯರಿಂದ ಬಂತು. ಅತ್ತ ಕಾಂಗ್ರೆಸ್ ಕಡೆಯಲ್ಲೂ ಇಂಥವರ ಮತ ಇತ್ತು. ಅಂದರೆ ಕಲಬುರಗಿಯ ಮತದಾರ ಬಿಸಿಲಲ್ಲಿ ನಿಂತು ವಾರ್ಡಿಗೆ ಹಾಕಿದ ಮತದ ಲೆಕ್ಕವನ್ನು, ಆ ವಾರ್ಡಿನ ಚುನಾವಣೆಗೆ ನಿಲ್ಲದವರು ಬಂದು ಬದಲಿಸಿದರು.

ಈಗ ಕೆಲವರಿಗೆ ಖುಷಿ, ಕೆಲವರಿಗೆ ಸಿಟ್ಟು ಬಂದಿರಬಹುದು. ಸ್ವಲ್ಪ ತಡೆಯಿರಿ. ಪಾತ್ರ ಬದಲಿಸಿ ಇದೇ ಆಟವನ್ನು ಬೆಂಗಳೂರಿನಲ್ಲಿ ನೋಡೋಣ.

2015ರ ಆಗಸ್ಟ್. ಬಿಬಿಎಂಪಿಗೆ ಚುನಾವಣೆ. 198 ವಾರ್ಡುಗಳಲ್ಲಿ ಬಿಜೆಪಿ 100 ಗೆದ್ದಿತು. ಕಾಂಗ್ರೆಸ್ 76, ಜೆಡಿಎಸ್ 14, ಉಳಿದವರು 8. ಇಲ್ಲಿ ಬಹುಮತದ ಗೊಂದಲವೇ ಇಲ್ಲ. 198ರಲ್ಲಿ 100 ಅಂದರೆ ಅರ್ಧಕ್ಕಿಂತ ಜಾಸ್ತಿ. ಪಟಾಕಿ ಹೊಡೆದರು, ಲಾಡು ಹಂಚಿದರು. ಮೇಯರ್ ಆದವರು ಮಾತ್ರ ಕಾಂಗ್ರೆಸ್‌ನ ಮಂಜುನಾಥ ರೆಡ್ಡಿ.

ಹೇಗೆ ಅಂತೀರಾ? ಮೇಯರ್ ಚುನಾವಣೆಯ ಮತದಾರರ ಪಟ್ಟಿಯಲ್ಲಿ 198 ಜನ ಇರಲಿಲ್ಲ. ಶಾಸಕರು, ಸಂಸದರು, ಪರಿಷತ್ ಸದಸ್ಯರು ಎಲ್ಲ ಸೇರಿ 260ರ ಹತ್ತಿರ ಇದ್ದರು. ಹಾಗಾಗಿ 100ರ ಬಹುಮತ ರಾತ್ರೋರಾತ್ರಿ ಅಲ್ಪಮತ ಆಯಿತು. ಕಾಂಗ್ರೆಸ್ ಮತ್ತು ಜೆಡಿಎಸ್ ಕೈ ಜೋಡಿಸಿದವು. ಪಕ್ಷೇತರರಿಗೆ ಕೇರಳದ ರೆಸಾರ್ಟ್‌ನಲ್ಲಿ ಆತಿಥ್ಯ ಆಯಿತು. ಕೆಲವೇ ಮತಗಳ ಅಂತರದಲ್ಲಿ ಮೇಯರ್ ಕುರ್ಚಿ ಕೈ ಬದಲಾಯಿತು.

ಆಗ ಬಿಜೆಪಿಯವರು "ಪ್ರಜಾಪ್ರಭುತ್ವದ ಕೊಲೆ" ಎಂದರು. ಕಲಬುರಗಿಯಲ್ಲಿ ಕಾಂಗ್ರೆಸ್‌ನವರು ಅದನ್ನೇ ಹೇಳಿದರು. ಇಬ್ಬರೂ ಹೇಳಿದ್ದು ಸರಿ. ಇಬ್ಬರೂ ಮಾಡಿದ್ದು ಒಂದೇ.

ಇನ್ನು 2019ಕ್ಕೆ ಬನ್ನಿ. ಅದೇ ಬೆಂಗಳೂರು, ಅದೇ ಕೌನ್ಸಿಲ್ (ಪಾಲಿಕೆ ಸಭೆ). ಮಧ್ಯದಲ್ಲಿ ಪಾಲಿಕೆಗೆ ಸಾರ್ವತ್ರಿಕ ಚುನಾವಣೆ ಆಗಲಿಲ್ಲ. ಆದರೆ ಆ ವರ್ಷ ಜುಲೈನಲ್ಲಿ ವಿಧಾನಸೌಧದಲ್ಲಿ ಮೈತ್ರಿ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು. ಅವರಲ್ಲಿ ಬೆಂಗಳೂರಿನವರೂ ಇದ್ದರು. ಅವರ ಮತ ಪಟ್ಟಿಯಿಂದ ಹೋಯಿತು, ಮೇಯರ್ ಲೆಕ್ಕ ಉಲ್ಟಾ ಆಯಿತು. ಬಿಜೆಪಿಯ ಗೌತಮ್ ಕುಮಾರ್ 129 ಮತ ಪಡೆದು ಮೇಯರ್ ಆದರು. ಅವರ ಪಕ್ಷಕ್ಕೆ ಜನ ಬಹುಮತ ಕೊಟ್ಟದ್ದು 2015ರಲ್ಲಿ. ಕುರ್ಚಿ ಸಿಕ್ಕಿದ್ದು ನಾಲ್ಕು ವರ್ಷ ಬಿಟ್ಟು, ಅದೂ ವಿಧಾನಸೌಧದಲ್ಲಿ ಸರ್ಕಾರ ಬದಲಾದ ಮೇಲೆ. ವಾರ್ಡಿನ ಮತದಾರ ಈ ಎರಡು ಸಲವೂ ನೋಡುತ್ತಾ ಕೂತಿದ್ದ ಅಷ್ಟೆ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ಪಾಲಿಕೆಗಳೆಲ್ಲ ನಡೆದುಬಂದದ್ದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಮೇಲೆ. ಅದರ ಪ್ರಕಾರ ಪಾಲಿಕೆಯ ಪೂರ್ತಿ ಭಾಗವೋ, ಒಂದಿಷ್ಟು ಭಾಗವೋ ಯಾರ ಕ್ಷೇತ್ರದೊಳಗೆ ಬರುತ್ತದೋ ಆ ಶಾಸಕರು, ಲೋಕಸಭಾ ಸದಸ್ಯರು ಕೌನ್ಸಿಲ್‌ನಲ್ಲಿ ಇರುತ್ತಾರೆ. "ಒಂದಿಷ್ಟು ಭಾಗ" ಎನ್ನುವುದನ್ನು ಗಮನಿಸಿ. ಯಲಹಂಕ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ. ಹಾಗಾಗಿ ಚಿಕ್ಕಬಳ್ಳಾಪುರದ ಸಂಸದರಿಗೂ ಬೆಂಗಳೂರಿನ ಮೇಯರ್ ಆಯ್ಕೆಯಲ್ಲಿ ಪೂರ್ತಿ ಒಂದು ಮತ ಇತ್ತು. ವಾರ್ಡ್ ಗೆದ್ದು ಬಂದ ಕಾರ್ಪೊರೇಟರ್‌ಗೆ ಇದ್ದದ್ದೂ ಅದೇ ಒಂದು ಮತ.

ನಿಜವಾದ ಮಜಾ ಇರುವುದು ಮುಂದೆ. ರಾಜ್ಯಸಭಾ ಸದಸ್ಯರು, ವಿಧಾನ ಪರಿಷತ್ ಸದಸ್ಯರಿಗೆ ಹೀಗೆ ಕ್ಷೇತ್ರದ ಲೆಕ್ಕ ಇಲ್ಲ. ಅವರ ಹೆಸರು ಆ ಊರಿನ ಮತದಾರರ ಪಟ್ಟಿಯಲ್ಲಿದ್ದರೆ ಸಾಕು, ಕೌನ್ಸಿಲ್‌ನಲ್ಲಿ ಕುರ್ಚಿ, ಮತ ಎರಡೂ ಉಂಟು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಏನು ಬೇಕು? ಒಂದು ವಿಳಾಸ. ವಿಳಾಸ ಬದಲಿಸಲು ಏನು ಬೇಕು? ಒಂದು ಅರ್ಜಿ.

2016ರಲ್ಲಿ ಬೆಂಗಳೂರು ಮೇಯರ್ ಚುನಾವಣೆ ಹೊತ್ತಿಗೆ ಇದೇ ದೊಡ್ಡ ಗಲಾಟೆ ಆಯಿತು. ಬೇರೆ ಬೇರೆ ಜಿಲ್ಲೆಗಳ 8 ಮಂದಿ ಪರಿಷತ್ ಸದಸ್ಯರು ಬೆಂಗಳೂರಿನ ವಿಳಾಸ ಕೊಟ್ಟು ಪಟ್ಟಿಗೆ ಸೇರಿದ್ದಾರೆ ಎಂಬ ದೂರು ಬಂತು. ಅಷ್ಟೇ ಆಗಿದ್ದರೆ ಸುಮ್ನೆ ರಾಜಕೀಯ ಅನ್ನಬಹುದಿತ್ತು. ಅದೇ ಸದಸ್ಯರು ತಮ್ಮ ಊರಿಂದ ಬೆಂಗಳೂರಿಗೆ ಬಂದು ಹೋದೆವು ಎಂದು ಪ್ರಯಾಣ ಭತ್ಯೆ ಕೂಡ ಪಡೆದಿದ್ದಾರೆ ಎನ್ನುವುದೂ ದೂರಿನಲ್ಲಿತ್ತು. ಮತ ಹಾಕುವಾಗ ಬೆಂಗಳೂರಿನ ನಿವಾಸಿ, ಬಿಲ್ ಹಾಕುವಾಗ ಪರವೂರಿನವರು! ಆಗ ದೂರು ಕೊಟ್ಟದ್ದು ಬಿಜೆಪಿ. ಮುಂದೆ ಕಲಬುರಗಿಯಲ್ಲಿ, ಹೊರ ಜಿಲ್ಲೆಯ ಬಿಜೆಪಿ ಪರಿಷತ್ ಸದಸ್ಯರ ಹೆಸರು ನಮ್ಮೂರಿನ ಮತದಾರರ ಪಟ್ಟಿಗೆ ಹೇಗೆ ಬಂತು ಎಂದು ಕೂಗೆಬ್ಬಿಸಿದ್ದು ಕಾಂಗ್ರೆಸ್. ಸ್ಕ್ರಿಪ್ಟ್ ಅದೇ, ಪಾತ್ರಧಾರಿಗಳು ಮಾತ್ರ ಅದಲು ಬದಲು.

ವಿಧಾನ ಪರಿಷತ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅಲ್ಲಿ 75 ಸದಸ್ಯರು. 11 ಜನ ರಾಜ್ಯಪಾಲರಿಂದ ನಾಮನಿರ್ದೇಶನ ಆದವರು. ಅಂದರೆ ಯಾವ ಚುನಾವಣೆಗೂ ನಿಲ್ಲದೆ ಪರಿಷತ್ತಿಗೆ ಬಂದವರು. ಅವರಿಗೂ ನಿಮ್ಮೂರಿನ ಮೇಯರ್ ಆರಿಸುವ ಹಕ್ಕು ಸಿಗುತ್ತದೆ, ಹೆಸರು ಪಟ್ಟಿಯಲ್ಲಿದ್ದರೆ. ಇನ್ನು 25 ಜನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಬಂದವರು. ಅವರಿಗೆ ಮತ ಹಾಕುವವರು ಯಾರು? ಗ್ರಾಮ ಪಂಚಾಯಿತಿ ಸದಸ್ಯರು, ಪುರಸಭೆ ಸದಸ್ಯರು, ಕಾರ್ಪೊರೇಟರ್‌ಗಳು. ಕಾರ್ಪೊರೇಟರ್ ಮತ ಹಾಕಿ ಪರಿಷತ್ ಸದಸ್ಯರನ್ನು ಆರಿಸುತ್ತಾರೆ. ಆ ಪರಿಷತ್ ಸದಸ್ಯರು ತಿರುಗಿ ಬಂದು ಕಾರ್ಪೊರೇಟರ್‌ಗಳ ಪಕ್ಕ ಕೂತು ಮೇಯರ್‌ಗೆ ಮತ ಹಾಕುತ್ತಾರೆ. ಈ ಸುತ್ತಿನಲ್ಲಿ ಮಾಮೂಲಿ ಮತದಾರ ಎಲ್ಲಿದ್ದಾನೆ ಹೇಳಿ?

ಸಂವಿಧಾನವೇ ಹೀಗೆ ಹೇಳಿದೆಯಲ್ಲ ಎಂದು ವಾದ ಮಾಡುವವರಿದ್ದಾರೆ. ಓದಿ ನೋಡೋಣ. 1992ರಲ್ಲಿ ಪಾಸಾಗಿ 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ. ಅದರಲ್ಲಿ 243ಆರ್ ಎಂಬ ವಿಧಿ ಇದೆ. ನಗರಸಭೆ, ಪಾಲಿಕೆಗಳಲ್ಲಿ ಯಾರು ಇರಬೇಕು ಎಂದು ಹೇಳುವ ವಿಧಿ ಅದು. ವಾರ್ಡುಗಳಿಂದ ನೇರ ಚುನಾವಣೆಯಲ್ಲಿ ಗೆದ್ದವರು ಇರಲೇಬೇಕು. ಆಡಳಿತದಲ್ಲಿ ವಿಶೇಷ ಜ್ಞಾನ ಇದ್ದವರನ್ನು, ಶಾಸಕ ಸಂಸದರನ್ನು ಸೇರಿಸಬೇಕೋ ಬೇಡವೋ ಎನ್ನುವುದನ್ನು ರಾಜ್ಯದ ಶಾಸಕಾಂಗಕ್ಕೆ ಬಿಟ್ಟಿದೆ. ಕಾನೂನು ಮಾಡಿ ಸೇರಿಸಬಹುದು. ಸೇರಿಸಲೇಬೇಕು ಎಂದಿಲ್ಲ. ಜೊತೆಗೆ ಒಂದು ಷರತ್ತು ಇದೆ. ವಿಶೇಷ ಜ್ಞಾನದ ಮೇಲೆ ಬಂದವರಿಗೆ ಮತದ ಹಕ್ಕು ಇಲ್ಲ.

ಅಂದರೆ ನೀರಿನ ಎಂಜಿನಿಯರ್ ಒಬ್ಬರನ್ನು ಕೌನ್ಸಿಲ್‌ಗೆ ನಾಮನಿರ್ದೇಶನ ಮಾಡಿದರೆ ಅವರು ಮಾತಾಡಬಹುದು, ಮತ ಹಾಕುವಂತಿಲ್ಲ. ಇದು ಸರಿಯೇ. ಜನ ಆರಿಸಿದ ಸಭೆಯಲ್ಲಿ ಜನ ಆರಿಸದವರಿಗೆ ಮತ ಯಾಕೆ? 2023ರ ಫೆಬ್ರವರಿಯಲ್ಲಿ ದೆಹಲಿ ಮೇಯರ್ ಚುನಾವಣೆಯ ಜಗಳ ಸುಪ್ರೀಂ ಕೋರ್ಟ್‌ಗೆ ಹೋದಾಗಲೂ ಕೋರ್ಟ್ ಇದನ್ನೇ ಹೇಳಿತು. ನಾಮನಿರ್ದೇಶಿತ ಸದಸ್ಯರು ಮೇಯರ್ ಆಯ್ಕೆಗೆ ಮತ ಹಾಕುವಂತಿಲ್ಲ ಎಂದಿತು. ಹಾಗಾದರೆ ನಾಮನಿರ್ದೇಶನಗೊಂಡ ಪರಿಷತ್ ಸದಸ್ಯ ಹಾಕಬಹುದೇ? ನಮ್ಮ ಕಾಯ್ದೆ ಪ್ರಕಾರ ಹಾಕಬಹುದು. ಯಾವ ತರ್ಕ ಇದು, ನನಗಂತೂ ಹೊಳೆಯುತ್ತಿಲ್ಲ.

ಶಾಸಕರ ಪರ ಇರುವ ವಾದವನ್ನೂ ಕೇಳೋಣ. ಅದರಲ್ಲಿ ಹುರುಳೇ ಇಲ್ಲ ಎನ್ನಲಾರೆ. ಶಾಸಕರೂ ಅದೇ ಜನರಿಂದ ಗೆದ್ದವರು. ಒಬ್ಬ ಶಾಸಕರ ಕ್ಷೇತ್ರದಲ್ಲಿ ಎಷ್ಟೋ ವಾರ್ಡುಗಳು ಬರುತ್ತವೆ, ಅಂದರೆ ಅವರ ಹಿಂದೆ ಕಾರ್ಪೊರೇಟರ್‌ಗಿಂತ ಎಷ್ಟೋ ಪಾಲು ಜಾಸ್ತಿ ಮತದಾರರು. ದೊಡ್ಡ ಅನುದಾನ ತರುವವರೂ ಅವರೇ. ಅವರನ್ನು ಹೊರಗಿಟ್ಟರೆ ಪಾಲಿಕೆಗೆ ದುಡ್ಡು ಯಾರು ತರುತ್ತಾರೆ ಎನ್ನುತ್ತಾರೆ.

ನನ್ನ ಉತ್ತರ ಇಷ್ಟೆ. ಕುರ್ಚಿ ಇರಲಿ, ಮೈಕ್ ಇರಲಿ, ಮತ ಬೇಡ. ಶಾಸಕರಿಗೆ ಮತ ಹಾಕಲು ಅವರದ್ದೇ ಸದನ ಇದೆ. ಕಾರ್ಪೊರೇಟರ್ ಹೋಗಿ ವಿಧಾನಸಭೆಯಲ್ಲಿ ಸ್ಪೀಕರ್ ಆಯ್ಕೆಗೆ ಕೈ ಎತ್ತುತ್ತಾರಾ? ಊಟಕ್ಕೆ ಬಂದ ನೆಂಟರು ಮನೆಯ ಪಾಲು ಪಟ್ಟಿಗೂ ಕೈ ಹಾಕಿದರೆ ಮನೆಯವರು ಏನು ಮಾಡಬೇಕು? ಇನ್ನು ಅನುದಾನದ ಮಾತು. ಮೇಯರ್ ಚುನಾವಣೆ ದಿನ ಸಭಾಂಗಣದಲ್ಲಿ ಶಾಸಕರು, ಸಂಸದರು, ಒಮ್ಮೊಮ್ಮೆ ಸಚಿವರೂ ಸಾಲಾಗಿ ಕೂರುತ್ತಾರೆ, ಟಿವಿ ಕ್ಯಾಮೆರಾ ಇರುತ್ತದೆ. ಅದರ ಮುಂದಿನ ತಿಂಗಳ ಸಾಮಾನ್ಯ ಸಭೆಯಲ್ಲಿ, ಒಳಚರಂಡಿ (ಯುಜಿಡಿ) ತುಂಬಿ ಹರಿಯುವ ವಿಷಯ ಬಂದಾಗ ಆ ಸಾಲನ್ನು ಒಮ್ಮೆ ನೋಡಿ. ಪಾಲಿಕೆ ಸಭೆಗಳನ್ನು ಬಾಲ್ಕನಿಯಲ್ಲಿ ಕೂತು ನೋಡಿದ ಯಾವ ವರದಿಗಾರನನ್ನು ಕೇಳಿದರೂ ಇದನ್ನೇ ಹೇಳುತ್ತಾನೆ.

ಕೌನ್ಸಿಲ್‌ನಲ್ಲಿ ಮೇಯರ್ ಆಯ್ಕೆ ಎಷ್ಟು ಶಿಸ್ತಾಗಿ ನಡೆಯುತ್ತದೆ ಗೊತ್ತಾ? ಪ್ರಾದೇಶಿಕ ಆಯುಕ್ತರು ಚುನಾವಣಾಧಿಕಾರಿ. ನಾಮಪತ್ರ, ಪರಿಶೀಲನೆ, ವಾಪಸ್ ಪಡೆಯಲು ಸಮಯ, ಆಮೇಲೆ ಕೈ ಎತ್ತಿಸುವುದು. ಅಧಿಕಾರಿಗಳು ಸಾಲು ಸಾಲಾಗಿ ಎಣಿಸುತ್ತಾರೆ. ಯಾರು ಯಾರ ಪರ, ಯಾರು ತಟಸ್ಥ, ಯಾರು ಗೈರು, ಎಲ್ಲವೂ ದಾಖಲೆಗೆ ಹೋಗುತ್ತದೆ. ಇಂಥವರಿಗೇ ಮತ ಹಾಕಿ ಎಂದು ಪಕ್ಷಗಳು ವಿಪ್ ಕೊಡುತ್ತವೆ. ಈ ಕೈ ಎತ್ತುವ ಪದ್ಧತಿ ಒಳ್ಳೆಯದೇ. ಚಂಡೀಗಢದಲ್ಲಿ 2024ರ ಜನವರಿಯಲ್ಲಿ ಏನಾಯಿತು ನೆನಪಿದೆಯಾ? ಅಲ್ಲಿ ಆಗ ಮತಪತ್ರದಲ್ಲಿ ಗುಪ್ತ ಮತದಾನ. 35 ಕೌನ್ಸಿಲರ್‌ಗಳು, ಒಬ್ಬ ಸಂಸದರು ಸೇರಿ 36 ಮತ. ಚುನಾವಣಾಧಿಕಾರಿ 8 ಮತಪತ್ರ ಅಸಿಂಧು ಎಂದು ಘೋಷಿಸಿ ಬಿಜೆಪಿ ಅಭ್ಯರ್ಥಿಯನ್ನು 16–12ರಲ್ಲಿ ಗೆಲ್ಲಿಸಿದರು. ಅವರೇ ಮತಪತ್ರದ ಮೇಲೆ ಗೀಚುತ್ತಿದ್ದದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಫೆಬ್ರವರಿ 20ರಂದು ಸುಪ್ರೀಂ ಕೋರ್ಟ್ ಆ 8 ಮತಗಳೂ ಸರಿ ಎಂದು ಹೇಳಿ ಆಮ್ ಆದ್ಮಿ ಪಕ್ಷದ ಕುಲದೀಪ್ ಕುಮಾರ್ ಅವರೇ ಮೇಯರ್ ಎಂದಿತು. ನಮ್ಮಲ್ಲಿ ಕೈ ಎಣಿಸುವುದರಿಂದ ಅಂಥ ಗೀಚಾಟಕ್ಕೆ ಜಾಗ ಇಲ್ಲ.

ಆದರೆ ಎಣಿಸುವ ಈ ಶಿಸ್ತು ಅದೊಂದು ದಿನಕ್ಕೆ ಮುಗಿಯಿತು. ಆಮೇಲಿನ ಸಭೆಗಳಲ್ಲಿ ಏನಾಗುತ್ತದೆ? ವಿಷಯ ಪಟ್ಟಿ ಕೈಗೆ ಬರುತ್ತದೆ. ಅದರ ಜೊತೆ "ಹೆಚ್ಚುವರಿ ವಿಷಯಗಳು" ಎಂದು ಇನ್ನೊಂದು ಕಂತೆ. ಶೂನ್ಯ ವೇಳೆಯಲ್ಲಿ ಬೀದಿ ದೀಪ, ಬೀದಿ ನಾಯಿ, ಕಸದ ಆಟೋ ಬಗ್ಗೆ ಜೋರು ಮಾತು. ಮೇಯರ್ ಪೀಠದ ಎದುರು ಧರಣಿ. ಸಭೆ ಹತ್ತು ನಿಮಿಷ ಮುಂದೂಡಿಕೆ. ಮತ್ತೆ ಸೇರಿದಾಗ ಗದ್ದಲದ ನಡುವೆಯೇ ವಿಷಯ ಸಂಖ್ಯೆ ಇಂತಿಷ್ಟರಿಂದ ಇಂತಿಷ್ಟರವರೆಗೆ ಓದುತ್ತಾರೆ, ಒಂದು ಕಡೆಯಿಂದ "ಒಪ್ಪಿದೆ, ಒಪ್ಪಿದೆ" ಎಂಬ ಕೂಗು. ಠರಾವು ಪಾಸ್. ಅದರಲ್ಲಿ ಒಂದು ಅಂಗಡಿ ಮಳಿಗೆಯ ಗುತ್ತಿಗೆ ಇರಬಹುದು, ಕೋಟಿಗಟ್ಟಲೆ ಟೆಂಡರ್ ಇರಬಹುದು, ನಿಮ್ಮ ಆಸ್ತಿ ತೆರಿಗೆ ಇರಬಹುದು. ನಿಮ್ಮ ವಾರ್ಡಿನ ಸದಸ್ಯ ಅದರ ಪರ ಇದ್ದರೋ ವಿರೋಧ ಇದ್ದರೋ? ನಡಾವಳಿ ಪುಸ್ತಕದಲ್ಲಿ ಸಿಗುವುದು "ಸಭೆಯು ಒಪ್ಪಿತು" ಎಂಬ ಒಂದು ಸಾಲು. ಕುರ್ಚಿಗೆ ಒಂದೊಂದು ಕೈ ಎಣಿಸುತ್ತಾರೆ, ನಮ್ಮ ದುಡ್ಡಿಗೆ ಗದ್ದಲದ ಧ್ವನಿಮತ.

ಆಸ್ತಿ ತೆರಿಗೆಯ ತೀರ್ಮಾನವೂ ಪೂರ್ತಿ ಕೌನ್ಸಿಲ್ ಕೈಯಲ್ಲಿಲ್ಲ ಬಿಡಿ. ಸರ್ಕಾರ ಕಾಯ್ದೆ ತಿದ್ದಿ, ವರ್ಷಕ್ಕೆ ಶೇ 3ರಿಂದ 5ರೊಳಗೆ ಏರಿಸಲೇಬೇಕು ಎಂದು ಕಟ್ಟು ಹಾಕಿದೆ. ಸ್ಥಾಯಿ ಸಮಿತಿಗಳು ನಾಲ್ಕಿವೆ. ತೆರಿಗೆ ಮತ್ತು ಹಣಕಾಸಿಗೆ ಒಂದು, ಆರೋಗ್ಯ ಮತ್ತು ಶಿಕ್ಷಣಕ್ಕೆ ಒಂದು, ನಗರ ಯೋಜನೆಗೆ ಒಂದು, ಲೆಕ್ಕಪತ್ರಕ್ಕೆ ಒಂದು. ನಿಜವಾದ ಚರ್ಚೆ ನಡೆಯಬೇಕಾದ್ದು ಅಲ್ಲಿ. ನಾವು ಅವುಗಳ ಸುದ್ದಿ ಕೇಳುವುದು ಅಧ್ಯಕ್ಷಗಿರಿ ಹಂಚಿಕೆಯ ಜಗಳ ಬಂದಾಗ ಮಾತ್ರ.

ಮೇಯರ್ ಅವಧಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವ ರೋಗ. 1976ರ ಕಾಯ್ದೆಯಲ್ಲಿ ಒಂದೇ ವರ್ಷ. ಬೆಂಗಳೂರು ಐದು ವರ್ಷದಲ್ಲಿ ಮಂಜುನಾಥ ರೆಡ್ಡಿ, ಪದ್ಮಾವತಿ, ಸಂಪತ್ ರಾಜ್, ಗಂಗಾಂಬಿಕೆ, ಗೌತಮ್ ಕುಮಾರ್ ಎಂದು ಐದು ಮೇಯರ್ ಕಂಡಿತು. ಪಕ್ಕದ ಕೇರಳದಲ್ಲಿ ಮೇಯರ್‌ಗೆ ಐದು ವರ್ಷ. ಬೆಂಗಳೂರಿಗೆ ಮಾತ್ರ 2020ರ ಬಿಬಿಎಂಪಿ ಕಾಯ್ದೆಯಲ್ಲಿ 30 ತಿಂಗಳು ಎಂದು ಬರೆದರು. ತಮಾಷೆ ಏನೆಂದರೆ, 2020ರ ಸೆಪ್ಟೆಂಬರ್ 10ಕ್ಕೆ ಕೌನ್ಸಿಲ್ ಅವಧಿ ಮುಗಿದಿತ್ತು. ಆ 30 ತಿಂಗಳ ಕುರ್ಚಿಯಲ್ಲಿ ಯಾರೂ ಕೂರಲೇ ಇಲ್ಲ. ಕೊನೆಗೆ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಆ ಐದು ವರ್ಷ ಬಜೆಟ್ ಮಂಡಿಸಿದ್ದು, ಪಾಸ್ ಮಾಡಿದ್ದು ಎಲ್ಲ ಅಧಿಕಾರಿಗಳೇ.

ಶಾಸಕರ ಮತಕ್ಕೂ ಈ ವಿಳಂಬಕ್ಕೂ ನಂಟಿದೆ ಎಂದು ನನ್ನ ಅನುಮಾನ. ಬಳ್ಳಾರಿಯಲ್ಲಿ 2021ರ ಏಪ್ರಿಲ್‌ನಲ್ಲಿ ಚುನಾವಣೆ, ಮೇಯರ್ ಬಂದದ್ದು 2022ರ ಮಾರ್ಚ್‌ನಲ್ಲಿ. ಹುಬ್ಬಳ್ಳಿ-ಧಾರವಾಡದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ, 2022ರ ಮೇನಲ್ಲಿ ಮೇಯರ್. ಬೆಳಗಾವಿಯಲ್ಲಿ ಬಿಜೆಪಿಗೆ 58ರಲ್ಲಿ 35 ಸ್ಥಾನ, ಪೂರ್ತಿ ಬಹುಮತ. ಅಲ್ಲೂ ಮೇಯರ್ ಬರಲು 2023ರ ಫೆಬ್ರವರಿ ಆಯಿತು. ಅಲ್ಲಿಯವರೆಗೆ ಗೆದ್ದವರು ಹೆಸರಿಗೆ ಮಾತ್ರ ಕಾರ್ಪೊರೇಟರ್‌ಗಳು. ಸಭೆ ಇಲ್ಲ, ಠರಾವು ಇಲ್ಲ. ಮೇಯರ್ ಹುದ್ದೆಯ ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಎಂದು ಕಾರಣ ಹೇಳುತ್ತಾರೆ. ಬೆಳಗಾವಿ ನೋಡಿದರೆ ಎಲ್ಲ ಕಡೆ ಮತದ ಲೆಕ್ಕವೇ ಕಾರಣ ಎನ್ನಲಾಗದು, ಒಪ್ಪುತ್ತೇನೆ. ಆದರೆ ಕಲಬುರಗಿಯಂಥ ಕಡೆ ತಡವಾದಷ್ಟೂ ಪಟ್ಟಿಗೆ ಇನ್ನೊಂದೆರಡು ಹೆಸರು ಸೇರಿಸಲು ಅವಕಾಶ ಇತ್ತಲ್ಲ? ವಾರ್ಡ್ ಫಲಿತಾಂಶದ ದಿನವೇ ಮತದಾರರ ಸಂಖ್ಯೆ 55 ಎಂದು ನಿಗದಿಯಾಗಿದ್ದರೆ ಎಳೆದಾಡುವುದರಿಂದ ಯಾರಿಗೆ ಲಾಭ ಆಗುತ್ತಿತ್ತು?

ಈ ಮತವನ್ನು ತೆಗೆಯಲು ಸಂವಿಧಾನ ತಿದ್ದಬೇಕಾಗಿಲ್ಲ. ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ವಿಧಾನಮಂಡಲವೇ ಕಾಯ್ದೆಯ ಒಂದೆರಡು ಸಾಲು ತಿದ್ದಿದರೆ ಆಯಿತು. ತಿದ್ದಬೇಕಾದವರು ಯಾರು ಎಂದರೆ, ಆ ಮತ ಇಟ್ಟುಕೊಂಡಿರುವವರೇ. ಎರಡೂ ಪಕ್ಷಗಳಿಗೆ ಒಂದೊಂದು ಊರಲ್ಲಿ ಪೆಟ್ಟು ಬಿದ್ದಿದೆ, ಆದರೂ ಯಾವ ಪಕ್ಷವೂ ಇದನ್ನು ಗಟ್ಟಿಯಾಗಿ ಕೇಳುತ್ತಿಲ್ಲ. ಮುಂದಿನ ಊರಲ್ಲಿ ನಮಗೇ ಬೇಕಾಗಬಹುದು ಎಂಬ ಆಸೆ, ಮತ್ತೇನಲ್ಲ.

ಧ್ವನಿಮತದ ವಿಷಯದಲ್ಲಿ ಮಾತ್ರ ನಾವು ಕಾಯಬೇಕಾಗಿಲ್ಲ. ನಿಮ್ಮ ಪಾಲಿಕೆಗೆ ಒಂದು ಆರ್‌ಟಿಐ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು, ಅಷ್ಟು ನೆನಪಿಡಿ. ಕಳೆದ ಬಾರಿ ಆಸ್ತಿ ತೆರಿಗೆ ಏರಿಸಿದ ಸಾಮಾನ್ಯ ಸಭೆಯ ನಡಾವಳಿ ಪ್ರತಿ ಮತ್ತು ಅದರ ಹಾಜರಿ ಪುಸ್ತಕದ ಪ್ರತಿ ಕೊಡಿ ಎಂದು ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು. ಹಾಜರಿಯಲ್ಲಿ ನಿಮ್ಮ ಶಾಸಕರ ಸಹಿ ಇದೆಯಾ ನೋಡಿ. ಸಿಕ್ಕಿದ ಪ್ರತಿಯನ್ನು ನನಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಊರೂರಿನದ್ದು ಇಟ್ಟುಕೊಂಡು ಓದೋಣ.